ದೊಡ್ಡ ಚಿಪ್ಪನ್ನು ಮೆಚ್ಚಿದ ಇಂಜಿನ್

ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಕಳೆದ ಗುರುವಾರ ಎರಡು ಟರ್ಬೊ ಚಿಪ್ಪುಗಳು ಒಂದೇ ಹಲಗೆಯ ಮೇಲೆ ಎದುರುಬದುರಾದವು; ಜೀವಹಾನಿ ಸಂಭವಿಸಿಲ್ಲ. ಇಂಜಿನ್ನಿನ ಹೊಗೆ ಶಂಖದಂಥ ಈ ಚಿಪ್ಪಿನೊಳಗೆ ನುಗ್ಗಿ ಚಕ್ರ ತಿರುಗಿಸಬೇಕು. ಚಕ್ರ ತಿರುಗಿದರೆ ಇಂಜಿನ್ನಿಗೆ ಗಾಳಿಯೂ ಬಲವೂ ಹೆಚ್ಚುತ್ತವೆ. ಭಾನುವಾರದ ಸ್ಪರ್ಧೆಯಲ್ಲೂ ಹಿಂದೆ ಬಿದ್ದರೆ ಬೇರೆ ಇಂಜಿನ್ ಕೂರಿಸುವುದಾಗಿ ಕಾರಿನ ಮಾಲೀಕ ದಸ್ತಗೀರ್ ಹೇಳಿದ್ದ.

ಇಂಜಿನ್ ದೊಡ್ಡ ಚಿಪ್ಪನ್ನು ಮೇಲಿಂದ ಕೆಳಗೆ ನೋಡಿತು. "ಇದು ಚಿಪ್ಪಲ್ಲ, ಗುಹೆ," ಎಂದಿತು.

"ನಾನು ಬೇಗ ಎಚ್ಚರಾಗುತ್ತೇನೆ," ಎಂದಿತು ಸಣ್ಣ ಚಿಪ್ಪು. "ಸ್ಪರ್ಧೆಯ ದಾರಿಯಲ್ಲಿ ಇಪ್ಪತ್ತು ತಿರುವುಗಳಿವೆ."

"ನಿನ್ನನ್ನು ನೋಡಿ ಯಾರು ಕೈ ಮುಗಿಯುತ್ತಾರೆ, ತಮ್ಮಾ?" ಎಂದಿತು ಇಂಜಿನ್.

ಹೊಗೆ ಮೆಲ್ಲಗೆ ಕೆಮ್ಮಿತು. "ಯಜಮಾನರೇ, ಅಷ್ಟು ದೊಡ್ಡ ಮನೆ ತುಂಬುವಷ್ಟು ನಾನಿಲ್ಲ. ನಾನು ತುಂಬುವ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತದೆ; ಅಲ್ಲಿ ವೇಗ ಇಳಿದರೆ ನಾನೂ ಇಳಿಯುತ್ತೇನೆ."

"ಹೊರಗೆ ಹೋಗುವವರು ಮನೆಯ ವಿಚಾರ ಮಾತಾಡಬಾರದು," ಎಂದು ಇಂಜಿನ್ ದೊಡ್ಡದನ್ನೇ ಆರಿಸಿಕೊಂಡಿತು.

ಭಾನುವಾರ ಇಪ್ಪತ್ತು ತಿರುವುಗಳಲ್ಲೂ ದೊಡ್ಡ ಚಿಪ್ಪು ನಿದ್ದೆಯಲ್ಲಿತ್ತು. ಗೆಲುವಿನ ಗೆರೆ ದಾಟಿದ ಮೇಲೆ ನೇರ ರಸ್ತೆ ಸಿಕ್ಕಿತು. ಆಗ ಚಿಪ್ಪು ತುಂಬಿತು, ಚಕ್ರ ಎದ್ದು ಕೂಗಿತು, ಕಾರು ದಿಗಂತದ ಕಡೆಗೆ ಮಾಯವಾಯಿತು. ಬಹುಮಾನ ಹಂಚುತ್ತಿದ್ದವರು ಕೂಡ ಹಾರ ಕೈಯಲ್ಲಿ ಹಿಡಿದು ನೋಡುತ್ತ ನಿಂತರು. ಅಂಥ ವೇಗವನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಏಳು ಕಾರುಗಳಲ್ಲಿ ಅದು ಏಳನೆಯದಾಗಿ ಬಂದಿತ್ತು. ಸೋಮವಾರ ದಸ್ತಗೀರ್ ಇಂಜಿನ್ ಬದಲಿಸಿದ.