ಕೊಂಬು ನೋಡದ ಜಕ್ಕವ್ವ

ನಿಮ್ಮ ಅಜ್ಜನ ಅಜ್ಜನಿಗೆ ಹಾಲುಹಲ್ಲು ಮೂಡುವುದಕ್ಕೂ ಎಷ್ಟೋ ಮೊದಲು, ಎರೆಮಣ್ಣಿನ ಸೀಮೆಯಲ್ಲಿ ಒಂದು ಊರಿತ್ತು. ಹಿರೇಮರಡಿ ಅಂತ ಅದರ ಹೆಸರು. ಮರಡಿಯ ಮೇಲೆ ಬೀರದೇವರ ಗುಡಿ, ಕೆಳಗೆ ಕುರುಬರ ಹಟ್ಟಿ, ಹಟ್ಟಿಯ ಸುತ್ತ ಮುಳ್ಳುಬೇಲಿ ಹಾಕಿದ ಕುರಿದಡ್ಡಿಗಳು. ಆ ಊರಿನಲ್ಲಿ ಮನುಷ್ಯರಿಗಿಂತ ಕುರಿ ಹೆಚ್ಚು, ಕುರಿಗಿಂತ ಮಾತು ಹೆಚ್ಚು ಅನ್ನುತ್ತಾರೆ.

ಆ ಹಟ್ಟಿಗೆ ಸೊಸೆಯಾಗಿ ಬಂದವಳು ಜಕ್ಕವ್ವ. ಅವಳ ಗಂಡ ಲಕ್ಕಪ್ಪ, ಹತ್ತು ಮಾತಿಗೆ ಒಂದು ಮಾತಾಡುವವನು. ಲಕ್ಕಪ್ಪನ ದೊಡ್ಡಪ್ಪ ಗುಡದಪ್ಪ, ಇಡೀ ಹಟ್ಟಿಗೆ ಹಿರಿಯ. ಅವನು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ.

ಜಕ್ಕವ್ವನ ಕೈಗುಣ ದೊಡ್ಡದು ಅನ್ನುತ್ತಾರೆ. ಈಯಲಾರದೆ ನರಳುವ ಕುರಿ ಯಾರ ದಡ್ಡಿಯಲ್ಲಿದ್ದರೂ ಅವಳಿಗೇ ಕರೆ ಬರುತ್ತಿತ್ತು. ಅವಳು ಕೈಗೆ ಎಣ್ಣೆ ಸವರಿಕೊಂಡು ಕೂತಳೆಂದರೆ ಅಡ್ಡ ತಿರುಗಿದ ಮರಿಯೂ ನೆಟ್ಟಗಾಗುತ್ತಿತ್ತು. ಗಬ್ಬದ ಕುರಿಯ ಹೊಟ್ಟೆ ಮುಟ್ಟಿ ಒಳಗಿರುವ ಮರಿಯ ಬಣ್ಣ ಹೇಳುತ್ತಿದ್ದಳು ಅನ್ನುವವರೂ ಇದ್ದಾರೆ. ಅದು ಎಷ್ಟು ನಿಜವೋ ಬೀರಪ್ಪನೇ ಬಲ್ಲ.

ಆಗ ಹಿರೇಮರಡಿಯಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಗುಡಿಯ ಮುಂದೆ ಟಗರಿನ ಕಾಳಗ. ಗೆದ್ದ ಟಗರನ್ನೇ ಆ ವರ್ಷ ಊರ ಹಿಂಡಿಗೆಲ್ಲ ಬಿಡುವುದು. ಆ ಕಾಲದಲ್ಲಿ ಗುಡದಪ್ಪನ ಟಗರು ನಾಲ್ಕು ವರ್ಷ ಮೇಲಿಂದ ಮೇಲೆ ಗೆದ್ದಿತ್ತು. ಅದರ ಹೆಸರು ಬಿರುಗಾಳಿ. ಎರಡು ಸುತ್ತು ಸುತ್ತಿದ ಕೊಂಬು, ಬಂಡೆಯಂಥ ತಲೆ. ಬಿರುಗಾಳಿ ಓಡಿ ಬಂದು ಡಿಕ್ಕಿ ಹೊಡೆದರೆ ಆ ಸದ್ದಿಗೆ ಆಚೆ ಊರಿನ ಕೋಳಿಗಳು ಗೂಡು ಸೇರುತ್ತಿದ್ದವು ಅನ್ನುತ್ತಾರೆ.

ಊರಿಗೆಲ್ಲ ಆ ಟಗರೆಂದರೆ ಹೆಮ್ಮೆ. ಜಕ್ಕವ್ವ ಮಾತ್ರ ಅದನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಯಾಕೆಂದರೆ ಅಪ್ಪನ ತಲೆಯೇ ಮರಿಗೂ ಬರುತ್ತಿತ್ತು. ಆ ತಲೆ ಹೊರಗೆ ಬರಲಾರದೆ ತಾಯಿ ಸಾಯುತ್ತಿತ್ತು. ಒಂದು ವರ್ಷ ಎರಡು, ಮರುವರ್ಷ ಏಳು, ಅದರ ಮರುವರ್ಷ ಹದಿನೆಂಟು ಕುರಿ ಅವಳ ಕೈಯಲ್ಲೇ ಕಣ್ಣು ಮುಚ್ಚಿದವು. ಉಳಿದ ಮರಿಗಳಾದರೂ ಕೈ ಹಿಡಿದವೇ ಅಂದರೆ ಅದೂ ಇಲ್ಲ. ತಲೆ ದಪ್ಪ, ಬೆನ್ನು ಒಣಕಲು.

ಆ ವರ್ಷ ಪೇಟೆಯಿಂದ ಖಾಸಿಂಸಾಬ ಬಂದ. ಮಾಂಸದ ಅಂಗಡಿಯವನು, ತಲೆತಲಾಂತರದಿಂದ ಹಿರೇಮರಡಿಯ ಮರಿ ಕೊಳ್ಳುವ ಮನೆತನ. ಅವನು ಒಂದೊಂದೇ ಮರಿಯ ಸೊಂಟಕ್ಕೆ ಕೈಯಿಟ್ಟು ನೋಡಿದ, ತೊಡೆ ಹಿಸುಕಿ ನೋಡಿದ, ಕೈ ಒರೆಸಿಕೊಂಡು ಎದ್ದು ನಿಂತ. ಇಂಥ ಕೊಂಬು ಹತ್ತು ಊರಲ್ಲಿಲ್ಲ ಅಂತ ಗುಡದಪ್ಪ ಹೇಳಿದ್ದಕ್ಕೆ ಸಾಬ ನಕ್ಕ.

"ಕೊಂಬು ನಾ ಯಾರಿಗೆ ತಿನ್ನಸ್ಲಿ, ಗುಡದಪ್ಪಣ್ಣ?"

ಅಷ್ಟು ಹೇಳಿ ಬರಿಗೈಯಲ್ಲಿ ಬಂದ ದಾರಿಗೆ ಹೋದ. ಆ ಮಾತು ಗುಡದಪ್ಪನಿಗೆ ಚೇಳು ಕುಟುಕಿದಂತಾಯಿತು. ಜಕ್ಕವ್ವನಿಗೆ ಮಾತ್ರ ಅದು ಬಾಗಿಲು ತೆರೆದಂತಾಯಿತು. ಅವಳು ಸೆರಗು ಸರಿಮಾಡಿಕೊಂಡು ಹಿರಿಯನ ಮುಂದೆ ಹೋಗಿ ನಿಂತಳು.

"ಮಾವ, ಈ ವರ್ಷ ಬಿರುಗಾಳೀನ ಹಿಂಡಿಗೆ ಬಿಡಬ್ಯಾಡ್ರಿ."

"ಯಾಕ? ಅದರಂಥ ಟಗರು ಎಲ್ಲೈತಿ ತೋರ್ಸು."

"ಟಗರು ನಿಮ್ಮ ಅಂಗಳದಾಗ ಚಂದ ಕಾಣ್ತೈತ್ರಿ. ಅದರ ಮಕ್ಕಳು ನನ್ನ ಕೈಯಾಗ ಸಾಯ್ತಾವ. ನಾವು ಅಪ್ಪನ್ನ ನೋಡೋದು ಬಿಟ್ಟು ಮಕ್ಕಳನ್ನ ನೋಡ್ಬೇಕು."

ಸೊಸೆಯೊಬ್ಬಳು ಹಿರಿಯನಿಗೆ ಎದುರಾಡಿದ್ದು ಆ ಹಟ್ಟಿಯಲ್ಲಿ ಅದೇ ಮೊದಲು ಅನ್ನುತ್ತಾರೆ. ಗುಡದಪ್ಪ ಬೈಯಲಿಲ್ಲ. ಮೀಸೆಯ ಮೇಲೆ ಕೈಯಾಡಿಸಿ, ಹಾಗಾದರೆ ನಿನ್ನ ಟಗರನ್ನೂ ತಾ, ಯಾವುದರ ಮರಿ ಹೆಚ್ಚೋ ನೋಡೇ ಬಿಡೋಣ ಅಂದ.

ಜಕ್ಕವ್ವನ ಹತ್ತಿರ ಒಂದು ಟಗರಿತ್ತು. ಹೆಸರು ಮುತ್ತ. ಅದನ್ನು ಹೆತ್ತ ತಾಯಿ ಅವಳ ಕೈಯಲ್ಲೇ ಸತ್ತಿತ್ತು. ತಬ್ಬಲಿ ಮರಿಯನ್ನು ಅವಳು ಕಂಬಳಿಯಲ್ಲಿ ಸುತ್ತಿಕೊಂಡು, ಅರಿವೆಯ ಬತ್ತಿಯಲ್ಲಿ ಆಡಿನ ಹಾಲು ಚೀಪಿಸಿ ಬದುಕಿಸಿದ್ದಳು. ಬೆಳೆದು ಟಗರಾದರೂ ಅದು ಅವಳ ಸೆರಗು ಬಿಡುತ್ತಿರಲಿಲ್ಲ. ಅಗಲವಾದ ಬೆನ್ನು, ತುಂಬಿದ ತೊಡೆ, ಮಿಂಚುವ ತುಪ್ಪಳ. ಇದಕ್ಕಿಂತ ಒಳ್ಳೆಯದು ಹುಟ್ಟಲಿಕ್ಕಿಲ್ಲ ಅಂತ ಅವಳ ನಂಬಿಕೆ.

ಎರಡಕ್ಕೆ ಪಂದ್ಯ ಸರಿಯಲ್ಲ, ಮೂರಾಗಲಿ ಅಂತ ಊರವರು ಅಂದರು. ಮೂರನೆಯದನ್ನು ತಂದವನು ಡೊಳ್ಳು ಬಾರಿಸುವ ಭರಮಪ್ಪ. ಅವನ ಟಗರಿಗೆ ಕೊಂಬೇ ಇಲ್ಲ, ಒಂದು ಕಿವಿ ಮಡಚಿಕೊಂಡಿದೆ, ನಡೆದರೆ ನಿದ್ದೆಯಲ್ಲಿ ನಡೆದ ಹಾಗೆ. ಅದಕ್ಕೆ ಬೋಳ ಅಂತಲೇ ಹೆಸರು. ಜನ ಹೊಟ್ಟೆ ಹಿಡಿದು ನಕ್ಕರು. ನಗ್ರಿ ನಗ್ರಿ, ದಡ್ಡಿ ಖಾಲಿ ಇರೋದಕ್ಕಿಂತ ವಾಸಿ, ಅಂತ ಭರಮಪ್ಪನೂ ನಕ್ಕ.

ಪಂದ್ಯ ಹೇಗೆ ಕಟ್ಟಬೇಕು ಅಂತ ಜಕ್ಕವ್ವ ಮೂರು ದಿನ ಯೋಚಿಸಿದಳು. ಒಳ್ಳೊಳ್ಳೆಯ ಕುರಿಯನ್ನೆಲ್ಲ ಒಂದೇ ಟಗರಿಗೆ ಕೊಟ್ಟರೆ ಗೆದ್ದದ್ದು ಟಗರೋ ಕುರಿಯೋ ಹೇಗೆ ಗೊತ್ತಾಗಬೇಕು? ಅದಕ್ಕೆ ಅವಳು ಅರವತ್ತು ಕುರಿಗಳನ್ನು ಒಂದೇ ದಡ್ಡಿಯಲ್ಲಿ ಕೂಡಿ ಬಾಗಿಲು ತೆಗೆದಳು. ಮೊದಲು ಬಂದದ್ದು ಬಿರುಗಾಳಿಗೆ, ಎರಡನೆಯದು ಮುತ್ತನಿಗೆ, ಮೂರನೆಯದು ಬೋಳನಿಗೆ, ಮತ್ತೆ ನಾಲ್ಕನೆಯದು ಬಿರುಗಾಳಿಗೆ. ಹೀಗೆ ಬಂದ ಬಂದ ಹಾಗೆ ಹಂಚಿದಳು. ಆರಿಸಿದ್ದು ಯಾರೂ ಅಲ್ಲ, ಬಾಗಿಲು. ಕುರಿ ಗಬ್ಬವಾದ ಮೇಲೆ ಮೂರು ಗುಂಪನ್ನೂ ಕೂಡಿಸಿ ಒಂದೇ ಹುಲ್ಲು, ಒಂದೇ ಹಳ್ಳದ ನೀರು, ಒಂದೇ ಬಿಸಿಲು. ಹುಟ್ಟುವ ಮರಿಗೆ ಅಪ್ಪ ಯಾರೆಂದು ತಿಳಿಯಲು ಹಂಚಿದ ದಿನವೇ ತಾಯಿಯ ಕಿವಿಯ ಅಂಚಿಗೆ ಬೇರೆ ಬೇರೆ ಕತ್ತರಿ ಗುರುತು, ಹುಟ್ಟಿದ ಮರಿಗೂ ಅದೇ ಗುರುತು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಉಣ್ಣೆ ಹೊಸೆದು ಟಗರಿಗೊಂದರಂತೆ ಮೂರು ದಾರ ಮಾಡಿದಳು. ಒಂದು ಮರಿಗೆ ಒಂದು ಗಂಟು. ಈಯುವಾಗ ತಾಯಿ ಕಷ್ಟಪಟ್ಟರೆ ಆ ಗಂಟಿಗೆ ಕರಿ ಉಣ್ಣೆಯ ಎಳೆ. ಮರಿಗೆ ನಾಲ್ಕು ತಿಂಗಳು ತುಂಬಿದ ದಿನ ತೂಕ. ಲಕ್ಕಪ್ಪ ಮಾತಿಲ್ಲದೆ ಬೇವಿನ ಮರಕ್ಕೆ ಒಂದು ಗಳ ಕಟ್ಟಿ ತಕ್ಕಡಿ ಮಾಡಿಕೊಟ್ಟ. ಒಂದು ಕಡೆ ಮರಿ, ಇನ್ನೊಂದು ಕಡೆ ಹಳ್ಳದ ಕಲ್ಲು. ಕಲ್ಲಿಗಿಂತ ಭಾರವಾದರೆ ಮೊದಲಿನ ಗಂಟಿನ ಮೇಲೆ ಇನ್ನೊಂದು ಗಂಟು. ಅವಳಿ ಮರಿಗಳಿಗೆ ಮಾತ್ರ ಸ್ವಲ್ಪ ಹಗುರ ಕಲ್ಲು ಇಟ್ಟಳು. ಇದ್ಯಾವ ನ್ಯಾಯ ಅಂತ ಗುಡದಪ್ಪ ಕೇಳಿದ್ದಕ್ಕೆ, ಒಬ್ಬನೇ ಕುಡಿದವನನ್ನೂ ಹಂಚಿಕೊಂಡು ಕುಡಿದವರನ್ನೂ ಒಂದೇ ಕಲ್ಲಿಗೆ ತೂಗುವುದೇ ಅನ್ಯಾಯ ಅಂದಳಂತೆ. 

ಮರಿ ತೂಗುವ ಮರುಳಿ ಅಂತ ಅವಳಿಗೆ ಹೆಸರು ಬಿತ್ತು. ನೀರಿಗೆ ಹೋದರೆ ಹೆಂಗಸರು ಕೊಡ ತೋರಿಸಿ, ಇದನ್ನೂ ತೂಗಿಕೊಡವ್ವ ಅನ್ನುತ್ತಿದ್ದರು. ಅವಳು ತಲೆ ಎತ್ತಲಿಲ್ಲ. ಮಳೆ ಬಂದರೂ ತೂಗಿದಳು, ಜ್ವರ ಬಂದರೂ ತೂಗಿದಳು.

ಕಡೆಗೆ ಊರೆಲ್ಲ ಗುಡಿಯ ಮುಂದೆ ಕೂಡಿತು. ಜಕ್ಕವ್ವ ಮೂರು ದಾರವನ್ನೂ ಇಳಿಬಿಟ್ಟಳು. ಬಿರುಗಾಳಿಯ ದಾರ ಕರಿ ಎಳೆಯಿಂದ ಕಾಗೆಯ ಪುಕ್ಕದ ಹಾಗೆ ಕಾಣುತ್ತಿತ್ತು, ಇಮ್ಮಡಿ ಗಂಟು ಬೆರಳೆಣಿಕೆಯಷ್ಟು. ಬೋಳನ ದಾರದಲ್ಲಿ ಕರಿ ಎಳೆ ಒಂದೇ ಒಂದು, ಇಮ್ಮಡಿ ಗಂಟು ಅರ್ಧಕ್ಕಿಂತ ಹೆಚ್ಚು. ಮುತ್ತನ ದಾರದಲ್ಲಿ ಕರಿ ಎಳೆಯೇ ಇಲ್ಲ, ಎರಡು ಬಿಟ್ಟರೆ ಮಿಕ್ಕವೆಲ್ಲ ಇಮ್ಮಡಿ. ಖಾಸಿಂಸಾಬನನ್ನು ಕರೆಸಿದರು. ಅವನು ಮುತ್ತನ ಮರಿಗಳ ಸೊಂಟಕ್ಕೆ ಕೈಯಿಟ್ಟು ನೋಡಿ, ಗಂಡುಮರಿಗಳನ್ನೆಲ್ಲ ಕೊಂಡ. ಹೆಣ್ಣುಮರಿಗಳನ್ನು ಮಾತ್ರ ಹಿಂಡಿಗೆ ಉಳಿಸಿಕೊಂಡರು.

ಡೊಳ್ಳು ಬಾರಿಸಿದರು, ಮುತ್ತನಿಗೆ ದೇವರ ಅರಿಶಿನದ ಭಂಡಾರ ಹಚ್ಚಿದರು. ಇನ್ನು ಮೇಲೆ ಊರ ಹಿಂಡಿಗೆಲ್ಲ ಮುತ್ತನೇ ಅಂತ ತೀರ್ಮಾನವಾಯಿತು. ಗುಡದಪ್ಪ ಕಂಬಳಿ ಕೊಡವಿಕೊಂಡು ಎದ್ದು ಹೋದ. ಆವತ್ತಿನಿಂದ ಜಕ್ಕವ್ವನ ಜೊತೆ ಮಾತು ಬಿಟ್ಟ.

ಇಲ್ಲಿಗೆ ಕಥೆ ಮುಗಿಯಿತು ಅಂತ ನೀವು ಅಂದುಕೊಳ್ಳಬಹುದು. ಊರವರೂ ಹಾಗೇ ಅಂದುಕೊಂಡರು. ಜಕ್ಕವ್ವ ಅಂದುಕೊಳ್ಳಲಿಲ್ಲ. ದಾರಗಳನ್ನು ಗೂಟಕ್ಕೆ ಕಟ್ಟಿಟ್ಟು, ಆ ಟಗರುಗಳ ಮಗಳಂದಿರು ಬೆಳೆದು ಈಯಲಿ ಅಂತ ಕಾದಳು.

ಮೂರನೆಯ ವರ್ಷ ಮುತ್ತನ ಮಗಳೊಂದು ಮೊದಲ ಸೂಲಿಗೆ ಈದಿತು. ಸಲೀಸಾಗಿ ಈದಿತು. ಆದರೆ ಮರಿ ಎರಡು ದಿನ ಒದರಿ ಒದರಿ ಮೂರನೆಯ ದಿನ ಸುಮ್ಮನಾಯಿತು. ಜಕ್ಕವ್ವ ತಾಯಿಯ ಕೆಚ್ಚಲು ಹಿಂಡಿ ನೋಡಿದಳು. ಬೆರಳು ಒದ್ದೆಯಾಗುವಷ್ಟೂ ಹಾಲಿಲ್ಲ. ಮೊದಲ ಸೂಲು, ಇರಲಿ ಅಂದುಕೊಂಡಳು. ಎರಡನೆಯ ಮಗಳು ಈದಿತು, ಅದೂ ಹಾಗೆಯೇ. ಒಂಬತ್ತು ಹೆಣ್ಣುಮಕ್ಕಳಲ್ಲಿ ಏಳರ ಕೆಚ್ಚಲು ಒಣಗಿದ ಸೋರೆಬುರುಡೆ. ಅವಳು ಬೋಳನ ಮಗಳಂದಿರ ಹತ್ತಿರ ಹೋಗಿ ನೋಡಿದಳು. ಅವೂ ಮೊದಲ ಸೂಲಿನವೇ. ಅವುಗಳ ಮರಿ ಬಾಯಿ ತುಂಬ ನೊರೆ ಮಾಡಿಕೊಂಡು ಕುಡಿಯುತ್ತಿದ್ದವು.

ಮುತ್ತನನ್ನು ಊರ ಹಿಂಡಿಗೆ ಮತ್ತೆ ಬಿಡಲು ಇನ್ನು ಎಂಟೇ ದಿನ. ಜಕ್ಕವ್ವ ಅನ್ನ ಬಿಟ್ಟಳು. ಮುತ್ತ ಬಂದು ಅವಳ ಅಂಗೈ ನೆಕ್ಕಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಹತ್ತು ಮಾತಿಗೆ ಒಂದು ಆಡುವ ಲಕ್ಕಪ್ಪ ಅವತ್ತು ತಾನಾಗಿಯೇ ಬಾಯಿ ಬಿಟ್ಟ. "ಇದು ಯಾರಿಗೂ ಗೊತ್ತಿಲ್ಲ, ಜಕ್ಕಾ. ಈ ವರ್ಷ ಮೇವು ಕಡಿಮಿ ಅಂದ್ರಾತು."

"ಬೋಳನ ಮಕ್ಕಳು ತಿಂದಿದ್ದೂ ಇದ ಮೇವಲ್ಲೇನು?"

"ಊರು ನಗತೈತಿ."

"ನಗಲಿ. ಆ ಹದಿನೆಂಟು ಕುರಿ ಸತ್ತಾಗ ನಾ ಮಾವನ ಮ್ಯಾಲ ಸಿಟ್ಟಾದೆ, ಯಾಕ ಕಣ್ಣು ಮುಚ್ಚಿಕೊಂಡಾರ ಅಂತ. ಈಗ ನಾ ಮುಚ್ಚಿಕೊಳ್ಳಲೇನು?"

ಲಕ್ಕಪ್ಪ ಎದ್ದು ಒಳಗೆ ಹೋದ. ಕರಿ ಉಣ್ಣೆ ತಂದು ಅವಳ ಮುಂದಿಟ್ಟ ಅನ್ನುತ್ತಾರೆ.

ಟಗರು ಬಿಡುವ ದಿನ ಗುಡಿಯ ಮುಂದೆ ಊರು ಕೂಡಿತು. ಭಂಡಾರದ ತಟ್ಟೆ ಸಿದ್ಧವಾಗಿತ್ತು. ಭರಮಪ್ಪ ಡೊಳ್ಳು ಹೆಗಲಿಗೆ ಹಾಕಿಕೊಂಡಿದ್ದ. ಜಕ್ಕವ್ವ ನಡುವೆ ಬಂದು ಮುತ್ತನ ದಾರ ಎತ್ತಿ ಹಿಡಿದಳು. ಅದರ ತುದಿಗೆ ಏಳು ಹೊಸ ಗಂಟು, ಏಳೂ ಕರಿ.

"ಇದು ಮುತ್ತನ ಹೆಣ್ಣುಮಕ್ಕಳ ಹಾಲಿನ ಲೆಕ್ಕ. ನನ್ನ ಟಗರು ಮಾಂಸ ಕೊಡತೈತಿ, ಹಾಲು ಕೊಡೂದಿಲ್ಲ. ಇನ್ನ ಹತ್ತು ವರ್ಷ ಇದನ್ನ ಬಿಟ್ಟರ ನಮ್ಮ ಹಿಂಡಿನಾಗ ಮರಿ ಸಾಕೋ ತಾಯಿನ ಉಳಿಯಾಕಿಲ್ಲ. ನಾ ತಪ್ಪಿದೆ. ಅದರ ಬೆನ್ನು ನೋಡಿದೆ, ಮಗಳ ಕೆಚ್ಚಲು ನೋಡಾಕ ತಡ ಮಾಡಿದೆ. ಬೋಳನ್ನ ಬಿಡ್ರಿ."

 ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಒಬ್ಬರು ನಕ್ಕ ಮೇಲೆ ನಾಲ್ವರು ನಕ್ಕರು. ದಾರ ಹಿಡಿದ ಜಕ್ಕವ್ವನ ಕೈ ಮಾತ್ರ ಇಳಿಯಲಿಲ್ಲ.

ಆಗ ಗುಡದಪ್ಪ ಎದ್ದ. ಮೂರು ವರ್ಷದ ಸಿಟ್ಟು ಈಗ ತೀರಿಸಿಕೊಳ್ಳುತ್ತಾನೆ ಅಂತ ಎಲ್ಲರೂ ಕಾದರು. ಅವನು ನಗುತ್ತಿದ್ದವರ ಕಡೆ ತಿರುಗಿದ.

"ಬಿರುಗಾಳಿ ಕೊಂದ ಕುರಿ ಎಷ್ಟು ಅಂತ ಈಕಿ ಹೇಳೋಕಿಂತ ಮೊದ್ಲ ನನಗ ಗೊತ್ತಿತ್ತು. ಎಲ್ಲಾ ನನ್ನ ಕಣ್ಣ ಮುಂದ ಸತ್ತಾವ. ಹೇಳಾಕ ನನಗ ಬಾಯಿ ಬರಲಿಲ್ಲ. ಈ ಹೆಣ್ಣುಮಗಳಿಗೆ ಬಂತು. ನಗಬ್ಯಾಡ್ರಿ."

ಹಾಗಂದು ಹೆಗಲ ಮೇಲಿನ ಕಂಬಳಿ ತೆಗೆದು ದೇವರ ಮುಂದಿನ ಕಟ್ಟೆಯ ಮೇಲೆ ಹಾಸಿದ. ಹಿರಿಯರಷ್ಟೇ ಕೂರುವ ಜಾಗ ಅದು. ಬಾರವ್ವ, ಕೂಡು ಅಂದ. ಜಕ್ಕವ್ವ ಮಾವನ ಕಂಬಳಿಯ ಮೇಲೆ ಕೂತಳು. ಆಗ ಅವಳಿಗೆ ಅಳು ಬಂತು. ಅತ್ತಳು, ಅಳುತ್ತಲೇ ದಾರ ಮಡಚಿಟ್ಟಳು.

ಮುತ್ತನನ್ನು ಖಾಸಿಂಸಾಬನಿಗೆ ಕೊಟ್ಟಳು ಅಂತ ಕೆಲವರು ಹೇಳುತ್ತಾರೆ. ನಮ್ಮ ಹಟ್ಟಿಯ ಹಿರಿಯರು ಹೇಳುವುದು ಬೇರೆ. ಮರುದಿನ ಮುತ್ತನ ಬೀಜ ಒಡೆಸಿದಳು. ಒಡೆಯುವಾಗ ಅದರ ಮುಂಗಾಲು ಹಿಡಿದು ಕೂತವಳು ಅವಳೇ. ಮೂರು ದಿನ ಮುತ್ತ ಅವಳ ಹತ್ತಿರ ಸುಳಿಯಲಿಲ್ಲ. ನಾಲ್ಕನೆಯ ದಿನ ಬಂದು ಸೆರಗು ಕಚ್ಚಿ ಎಳೆಯಿತು. ಮುದಿಯಾಗಿ ಸಾಯುವವರೆಗೂ ಅವಳ ಹಿಂದೆಯೇ ಇತ್ತು.

ಬೋಳನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಹಿಂಡು ತುಂಬಿದವು. ಪ್ರತಿ ಸಲವೂ ಜಕ್ಕವ್ವ ಹೊಸ ದಾರ ಹೊಸೆದಳು, ಬೋಳನ ಮಗನೆಂದು ಯಾವುದಕ್ಕೂ ಸಲಿಗೆ ಕೊಡಲಿಲ್ಲ. ಈಯುವಾಗ ಕುರಿ ಸಾಯುವುದು ಅಪರೂಪವಾಯಿತು. ಮರಿ ತುಂಬಿಕೊಂಡವು, ಖಾಸಿಂಸಾಬನ ಹಿಂದೆ ಬೇರೆ ಪೇಟೆಯವರೂ ದಾರಿ ಕೇಳಿಕೊಂಡು ಬಂದರು. ಹಿರೇಮರಡಿಯ ಮರಿಯನ್ನು ಎತ್ತಲು ಇಬ್ಬರು ಗಂಡಸರು ಬೇಕಿತ್ತು ಅನ್ನುತ್ತಾರೆ. ಇಬ್ಬರು ಬೇಡ, ಒಬ್ಬ ಸಾಕು ಅಂತಿಟ್ಟುಕೊಳ್ಳಿ. ಆ ಒಬ್ಬನಿಗೂ ಬೆವರು ಬರುತ್ತಿತ್ತು.

ಜಕ್ಕವ್ವ ಹೋಗಿ ಎಷ್ಟು ತಲೆಮಾರಾಯಿತೋ ಎಣಿಸಿದವರಿಲ್ಲ. ಹಿರೇಮರಡಿಯಲ್ಲಿ ಈಗ ಟಗರಿನ ಕಾಳಗವಿಲ್ಲ. ಟಗರು ಬಿಡುವ ದಿನ ಊರು ಗುಡಿಯ ಮುಂದೆ ಕೂಡುತ್ತದೆ, ಪೂಜಾರಿ ಒಂದೇ ಮಾತು ಕೇಳುತ್ತಾನೆ: "ಯಾರ ಟಗರಿನಾಗ ಏನು ಕುಂದು ಐತಿ, ಅವರ ಹೇಳ್ರಿ."  ಒಬ್ಬ ಎದ್ದು, ನನ್ನ ಟಗರಿನ ಮಗಳಂದಿರಿಗೆ ಹಾಲು ಸಾಲದು ಅನ್ನುತ್ತಾನೆ, ಇಲ್ಲವೇ ಮರಿ ಕಾಲು ಸೊಟ್ಟ ಅನ್ನುತ್ತಾನೆ. ಹಾಗೆ ಮೊದಲು ಎದ್ದವರು ಯಾರೇ ಆಗಲಿ, ಗಂಡಾಗಲಿ ಹೆಣ್ಣಾಗಲಿ, ಹಟ್ಟಿಯ ಹಿರಿಯ ತನ್ನ ಹೆಗಲ ಕಂಬಳಿ ತೆಗೆದು ಕಟ್ಟೆಯ ಮೇಲೆ ಹಾಸುತ್ತಾನೆ. ಅವರು ಕೂತ ಮೇಲೆಯೇ ಡೊಳ್ಳು.