ಕಡಲು ಕೇಳಿಸಿದ ಮೇಲೂ ತೆಂಕಕ್ಕೆ ತಿರುಗಿದ ಹೊಳೆ

ಲೋಕ ಆಗಷ್ಟೇ ತಯಾರಾಗಿತ್ತು. ಕೆಲಸ ಪೂರ್ತಿ ಮುಗಿದಿತ್ತು ಎನ್ನುವ ಹಾಗಿರಲಿಲ್ಲ. ಮೂಡು ದಿಕ್ಕಿಗೆ ಘಟ್ಟಗಳನ್ನು ನಿಲ್ಲಿಸಿ ಆಗಿತ್ತು, ಪಡು ದಿಕ್ಕಿಗೆ ಕಡಲನ್ನು ತುಂಬಿಸಿ ಆಗಿತ್ತು. ನಡುವೆ ಉಳಿದ ಜಾಗದಲ್ಲಿ ಏನು ಮಾಡಬೇಕೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ದೊಡ್ಡ ಹೊಳೆಗಳಿಗೆ ತೊಂದರೆ ಇರಲಿಲ್ಲ. ಅವು ಘಟ್ಟದ ಮಕ್ಕಳು. ಎಲ್ಲಿ ಹುಟ್ಟಬೇಕು, ಎಲ್ಲಿ ಧುಮುಕಬೇಕು, ಎಲ್ಲಿ ಕಡಲು ಸೇರಬೇಕು ಎಂದು ಅವುಗಳಿಗೆ ಮೊದಲೇ ಹೇಳಿ ಕಳಿಸಿದ್ದರು.

ಇವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಇವಳು ಹುಟ್ಟಿದ್ದು ಘಟ್ಟದಲ್ಲಲ್ಲ. ಘಟ್ಟಕ್ಕೂ ಕಡಲಿಗೂ ನಡುವೆ ಕೆಂಪು ಮುರಕಲ್ಲಿನ ಒಂದು ಬೋಳು ಗುಡ್ಡವಿತ್ತು. ಮೃಗಶಿರ ಮಳೆ ಅದರ ಮೇಲೆ ಮೂರು ದಿನ ಹೊಡೆಯಿತು. ನಾಲ್ಕನೆಯ ದಿನ ನೋಡಿದರೆ ಇವಳು ಇದ್ದಳು. ಕೆಂಪು ನೀರು, ಮೊಣಕಾಲಾಳ, ಹೆಸರಿಲ್ಲ.

ಗುಡ್ಡದಿಂದ ಕಾಣುವಷ್ಟು ದೂರದಲ್ಲಿ ಹರಿಯುತ್ತಿದ್ದ ದೊಡ್ಡ ಹೊಳೆ ಅಲ್ಲಿಂದಲೇ ಕೂಗಿ ಕೇಳಿತು. “ಯಾರ ಮನೆಯವಳು?”

“ಗೊತ್ತಿಲ್ಲಕ್ಕ.”

“ಯಾವ ಘಟ್ಟ?”

“ಘಟ್ಟ ಇಲ್ಲ. ಮಳೆ ಬಂತು, ನಾನು ಬಂದೆ.”

“ಮಳೆ ಹೋದರೆ?”

ಇದನ್ನು ಅವಳು ಯೋಚಿಸಿರಲಿಲ್ಲ. ಹುಟ್ಟಿ ಒಂದು ದಿನವಾಗಿತ್ತು ಅಷ್ಟೇ.

“ಹಾಗಾದರೆ ನೀನು ಹೊಳೆಯೋ, ತೋಡೋ?” ಎಂದಿತು ದೊಡ್ಡ ಹೊಳೆ.

“ಎರಡಕ್ಕೂ ಎಂತ ವ್ಯತ್ಯಾಸ?”

“ಕಡಲು ಮುಟ್ಟಿದರೆ ಹೊಳೆ. ದಾರಿಯಲ್ಲಿ ಇಂಗಿದರೆ ತೋಡು. ಮಳೆಗಾಲ ಮುಗಿಯುವುದರೊಳಗೆ ಮುಟ್ಟು. ಆಮೇಲೆ ನಿನ್ನನ್ನು ಯಾರೂ ಕೇಳುವುದಿಲ್ಲ.”

ಹೊಳೆಯಾಗಬೇಕು ಎಂದು ಅವಳಿಗೆ ಆ ಕ್ಷಣದಲ್ಲೇ ಅನ್ನಿಸಿತು. ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ತೋಡು ಎನ್ನುವಾಗ ದೊಡ್ಡ ಹೊಳೆ ಮುಖ ತಿರುಗಿಸಿದ್ದು ಮಾತ್ರ ಚೆನ್ನಾಗಿ ನೆನಪಿತ್ತು.

“ಕಡಲಿಗೆ ದಾರಿ ಯಾವುದು?” ಎಂದು ಗುಡ್ಡವನ್ನು ಕೇಳಿದಳು.

“ಕೆಳಗೆ,” ಎಂದಿತು ಗುಡ್ಡ. ಅದು ಹುಟ್ಟಿದಲ್ಲಿಂದ ಅಲುಗಾಡಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಅಷ್ಟೇ.

ಅವಳು ಕೆಳಗೆ ಹೋದಳು. ಕೆಳಗೆ ಹೋದಮೇಲೆ ಎಲ್ಲವೂ ಒಂದೇ ಮಟ್ಟವಾಯಿತು. ಯಾವುದು ಕೆಳಗೆ, ಯಾವುದು ಮೇಲೆ ತಿಳಿಯಲಿಲ್ಲ.

“ಕಡಲಿಗೆ ದಾರಿ ಯಾವುದು?” ಎಂದು ಗಾಳಿಯನ್ನು ಕೇಳಿದಳು.

ಗಾಳಿ ಮೋಡಗಳನ್ನು ಹೊತ್ತು ಏದುಸಿರು ಬಿಡುತ್ತಿದ್ದ. “ನಾನು ಬಂದದ್ದು ಅಲ್ಲಿಂದಲೇ. ನನ್ನ ಬೆನ್ನ ಹಿಂದೆ ಇದೆ.”

“ಅಲ್ಲಿಗೆ ಎಷ್ಟು ದೂರ?”

“ಬರುವಾಗ ಎಷ್ಟು ದೂರವಿತ್ತು ಎಂದು ಹೇಳಬಲ್ಲೆ. ಹೋಗುವಾಗ ಎಷ್ಟಾಗುತ್ತದೋ ಯಾರಿಗೆ ಗೊತ್ತು?”

ಅವಳು ಗಾಳಿಯ ಬೆನ್ನ ಕಡೆಗೆ ನಡೆದಳು. ಗಾಳಿ ಒಮ್ಮೆ ಈ ಕಡೆ ತಿರುಗಿದ, ಒಮ್ಮೆ ಆ ಕಡೆ ತಿರುಗಿದ. ಅವಳೂ ತಿರುಗಿದಳು. ಮೂರು ಗಾವುದ ದಾರಿಗೆ ಆರು ಗಾವುದ ನಡೆದಳು. ಆರಿದ್ರೆ ಮಳೆ ಕಳೆಯಿತು, ಪುನರ್ವಸು ಕಳೆಯಿತು. ಪುಷ್ಯ ಮಳೆಯಲ್ಲಿ ಒಂದು ಬೆಳಿಗ್ಗೆ ಅವಳಿಗೆ ಕಡಲು ಕೇಳಿಸಿತು.

ಕಾಣಿಸಲಿಲ್ಲ, ಕೇಳಿಸಿತು. ನಡುವೆ ಉದ್ದಕ್ಕೆ ಮರಳಿನ ದಿಬ್ಬ, ಅದರ ಮೇಲೆ ಕೇದಗೆಯ ಪೊದೆ. ದಿಬ್ಬದ ಆಚೆ ಕಡಲು ಧಡ್, ಧಡ್ ಎಂದು ಬಡಿಯುತ್ತಿತ್ತು. ಒಂದು ಕಲ್ಲೆಸೆದರೆ ಆಚೆ ಬೀಳುವಷ್ಟು ದೂರ.

ದಿಬ್ಬದ ಈಚೆ ಸೂರಕ್ಕ ಎಂಬ ಹೆಂಗಸು ಮೂರು ಗದ್ದೆ ಮಾಡಿಕೊಂಡಿದ್ದಳು. ಕಡಲ ಪಕ್ಕದ ಆ ಕರೆಯಲ್ಲಿ ಭತ್ತ ನೆಟ್ಟ ಮೊದಲ ಹೆಂಗಸು ಅವಳು. ಹೊಸ ನೀರು ಬದುವಿಗೆ ಬಂದು ನಿಂತದ್ದನ್ನು ನೋಡಿ ಸೊಂಟಕ್ಕೆ ಕೈ ಇಟ್ಟಳು.

“ಎಂತ ಮಾರಾಯ್ತಿ, ಎಲ್ಲಿಗೆ ಹೊರಟದ್ದು?”

“ಕಡಲಿಗೆ, ಅಕ್ಕ. ಇಲ್ಲೇ ದಿಬ್ಬ ಒಡೆದು ಹೋಗಲಾ?”

ಸೂರಕ್ಕ ತಿರುಗಿ ತನ್ನ ಗದ್ದೆ ನೋಡಿದಳು. ದಿಬ್ಬ ಒಡೆದರೆ ಇವಳು ಹೊರಗೆ ಹೋಗುತ್ತಾಳೆ, ಸರಿ. ಅದೇ ಬಾಗಿಲಲ್ಲಿ ಉಪ್ಪುನೀರು ಒಳಗೆ ಬರುತ್ತದೆ. ಉಪ್ಪು ಕುಡಿದ ಗದ್ದೆಯಲ್ಲಿ ಹುಲ್ಲೂ ಏಳುವುದಿಲ್ಲ.

ಆದರೆ ಆ ಕರೆಯ ಜನಕ್ಕೆ ಒಂದು ಕ್ರಮವಿತ್ತು. ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಬಾರದು. ಮೊದಲು ಬೆಲ್ಲ, ನೀರು ಕೊಡಬೇಕು. ಆಮೇಲೆ ಏನಾದರೂ ಹೇಳಿ ಕಳಿಸಬೇಕು. ಸೂರಕ್ಕ ಒಳಗೆ ಹೋಗಿ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ತಂದು ಹೊಳೆಯ ಮುಂದೆ ಇಟ್ಟಳು. ನೀರಿಗೆ ನೀರು ಕೊಟ್ಟ ಜನ ಲೋಕದಲ್ಲಿ ಅವರೊಬ್ಬರೇ.

ಅವಳು ಕುಡಿದಳು. ಕುಡಿದದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ಅವಳಿಗೇ ಗೊತ್ತಾಗಲಿಲ್ಲ.

“ಕಡಲಿಗೆ ದಾರಿ ಇಲ್ಲಲ್ಲ, ತಂಗಿ,” ಎಂದಳು ಸೂರಕ್ಕ. “ಸ್ವಲ್ಪ ಮುಂದೆ. ತೆಂಕಕ್ಕೆ ಹೋದರೆ ಸಿಗುತ್ತದೆ.”

“ಆದರೆ ಇಲ್ಲೇ ಕೇಳಿಸುತ್ತಿದೆಯಲ್ಲ?”

“ಕೇಳುವುದು ಇಲ್ಲಿ. ಇರುವುದು ಮುಂದೆ.”

ಹಿರಿಯರು ಹೇಳಿದ ಮೇಲೆ ಇರಬಹುದು ಎಂದುಕೊಂಡು ಅವಳು ತೆಂಕಕ್ಕೆ ತಿರುಗಿದಳು. ಬಲಗಡೆಗೆ ಕಡಲು ಧಡ್, ಧಡ್ ಎನ್ನುತ್ತಲೇ ಇತ್ತು. ಇಲ್ಲದ ಕಡಲು ಇಷ್ಟು ಗಲಾಟೆ ಮಾಡುವುದು ಹೇಗೆ ಎಂದು ಯೋಚಿಸುತ್ತ ಅರ್ಧ ಗಾವುದ ಹೋದಳು.

ಅಲ್ಲಿ ಜಟ್ಟಣ್ಣನ ದೋಣಿ ಇತ್ತು. ಮಳೆಗಾಲಕ್ಕೆ ದಿಬ್ಬದ ಈಚೆ ಮಗ್ಗುಲಿಗೆ ಎಳೆದು, ಸೋಗೆ ಹೊದಿಸಿ, ಅದರ ಕೆಳಗೆ ಅವನು ಬಲೆ ನೇಯುತ್ತ ಕುಳಿತಿದ್ದ.

“ಅಣ್ಣ, ಕಡಲಿಗೆ ದಾರಿ ಇಲ್ಲೇನಾ?”

ಜಟ್ಟಣ್ಣ ದೋಣಿಯನ್ನು ನೋಡಿದ, ಅವಳನ್ನು ನೋಡಿದ. ದೋಣಿಯ ಕೆಳಗಿನ ಮರಳು ಹೋದರೆ ದೋಣಿಯೂ ಹೋಗುತ್ತದೆ. ಎದ್ದುಹೋಗಿ ಬೆಲ್ಲ, ನೀರು ತಂದ.

“ಇಲ್ಲಲ್ಲ ತಂಗಿ, ಸ್ವಲ್ಪ ಮುಂದೆ.”

“ಸೂರಕ್ಕನೂ ಸ್ವಲ್ಪ ಮುಂದೆ ಎಂದಳು.”

“ಅವಳಿಗೆ ಕಡಲಿನ ವಿಷಯ ಎಂತ ಗೊತ್ತು? ನಾನು ಹೇಳುತ್ತೇನೆ ಕೇಳು. ಸ್ವಲ್ಪ ಮುಂದೆ.”

ಅವಳು ಮುಂದೆ ಹೋದಳು. ಮುಂದೆ ಒಂದು ಗೋಮಾಳ. ಅಲ್ಲಿಯೂ ಯಾರೋ ಬೆಲ್ಲ, ನೀರು ಕೊಟ್ಟರು. ಸ್ವಲ್ಪ ಮುಂದೆ ಎಂದರು. ಎಲ್ಲರೂ ನಗುನಗುತ್ತಲೇ ಹೇಳಿದರು. ಗದರಿದ್ದರೆ ಅವಳಿಗೂ ಅನುಮಾನ ಬರುತ್ತಿತ್ತೇನೋ.

ಕೊನೆಗೆ ಒಂದು ಏಡಿ ಸಿಕ್ಕಿತು. ದಿಬ್ಬದ ತುಂಬ ಅದು ತೂತು ಕೊರೆದು ಮನೆ ಮಾಡಿಕೊಂಡಿತ್ತು.

“ಕಡಲಿಗೆ ದಾರಿ ಯಾವುದು?”

“ದಿನಾ ಹೋಗಿ ಬರುತ್ತೇನಲ್ಲ! ಹೇಳುವುದು ಬೇಡ, ತೋರಿಸುತ್ತೇನೆ,” ಎಂದು ಏಡಿ ಕಡಲಿಗೆ ಮುಖ ಮಾಡಿ ನಿಂತಿತು. ಅಲ್ಲಿಂದ ಅಡ್ಡಡ್ಡವಾಗಿ ಬಡಗಕ್ಕೆ ಹೋಯಿತು, ಮತ್ತೆ ಅಡ್ಡಡ್ಡವಾಗಿ ತೆಂಕಕ್ಕೆ ಬಂತು. “ಅರ್ಥವಾಯಿತಲ್ಲ?”

ಅವಳು ಸ್ವಲ್ಪ ಬಡಗಕ್ಕೆ ಹೋಗಿ ನೋಡಿದಳು. ಸ್ವಲ್ಪ ತೆಂಕಕ್ಕೆ ಬಂದು ನೋಡಿದಳು. ಏನೂ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಗಾಳಿ ಬಂದ. ಮೊದಲಿನ ಏದುಸಿರು ಇರಲಿಲ್ಲ. “ಹುಬ್ಬೆ ಮಳೆ ಬಂತು. ಇದೇ ಕೊನೆಯ ದೊಡ್ಡ ಹೊರೆ. ಇದನ್ನು ಇಳಿಸಿ ನಾನು ಹೊರಟೆ. ಇನ್ನೂ ಇಲ್ಲೇ ಇದ್ದೀಯಾ? ನೀನು ಕಡಲಿಗೆ ಹೊರಟವಳಲ್ಲವಾ?”

“ಎಲ್ಲರೂ ಮುಂದೆ ಎನ್ನುತ್ತಾರೆ. ಎಷ್ಟು ಮುಂದೆ ಹೋದರೂ ಅದು ಪಕ್ಕದಲ್ಲೇ ಇದೆ.”

“ನನಗೇನು ಗೊತ್ತು?” ಎಂದು ಗಾಳಿ ಹೊರೆ ಇಳಿಸಿದ.

ಆಕಾಶ ಕಳಚಿ ಬಿದ್ದ ಹಾಗೆ ಮಳೆ ಸುರಿಯಿತು. ಅವಳಿಗೆ ಭಯವಾಯಿತು. ಇನ್ನು ಮಳೆ ಇಲ್ಲ. ಕಡಲು ಮುಟ್ಟಿಲ್ಲ. ದೊಡ್ಡ ಹೊಳೆ ತೋಡು ಎಂದು ಮುಖ ತಿರುಗಿಸಿದ್ದು ನೆನಪಾಯಿತು. ಎಲ್ಲಿಗೆ ಹೋಗಬೇಕು ಎಂದು ಇನ್ನು ಯಾರನ್ನೂ ಕೇಳುವುದಿಲ್ಲ ಎಂದುಕೊಂಡಳು. ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಕೂರುತ್ತೇನೆ.

ಕುಳಿತುಬಿಟ್ಟಳು.

ಮೇಲಿನಿಂದ ನೀರು ಬರುತ್ತಿತ್ತು, ಅವಳು ಕುಳಿತೇ ಇದ್ದಳು. ಗೋಮಾಳ ಮುಳುಗಿತು. ಜಟ್ಟಣ್ಣನ ದೋಣಿ ಸೋಗೆಯ ಸಮೇತ ತೇಲಿ, ಕಟ್ಟಿದ ಹಗ್ಗ ಎಳೆಯತೊಡಗಿತು. ಸೂರಕ್ಕನ ಗದ್ದೆಯಲ್ಲಿ ಕದಿರು ಬಿಡುವ ಹೊತ್ತು. ನೀರು ಮೊದಲ ಗದ್ದೆ ದಾಟಿ ಎರಡನೆಯದಕ್ಕೆ ಬಂತು.

ಸೂರಕ್ಕ ಓಡಿ ಬಂದಳು. “ತಂಗಿ, ಮುಂದೆ ಹೋಗುವುದಿಲ್ಲವಾ?”

“ಇಲ್ಲ ಅಕ್ಕ. ಸಾಕಾಯಿತು.”

“ನಾಳೆ?”

“ನಾಳೆಯೂ ಇಲ್ಲೇ.”

ಬೆಲ್ಲ, ನೀರು ಕೊಟ್ಟು ಕೂರಿಸಿದವರನ್ನು ಎದ್ದು ಹೋಗು ಎನ್ನಲು ಆ ಕರೆಯಲ್ಲಿ ಮಾತೇ ಇರಲಿಲ್ಲ. ಅಂಥ ಮಾತು ಬೇಕಾಗಬಹುದು ಎಂದು ಯಾರೂ ಯೋಚಿಸಿರಲಿಲ್ಲ. ಮುಳುಗುವುದೊಂದು ಉಳಿದಿತ್ತು, ಬಾಗಿಲು ಮಾಡಿಕೊಡುವುದೊಂದು ಉಳಿದಿತ್ತು.

ಸೂರಕ್ಕ ಗುದ್ದಲಿ ತಂದಳು. ತನ್ನ ಗದ್ದೆಯ ಹತ್ತಿರ ಅಗೆದಳಾ? ಇಲ್ಲ. ಸೊಂಟದವರೆಗಿನ ನೀರಲ್ಲಿ ಅರ್ಧ ಗಾವುದ ನಡೆದುಹೋಗಿ ಜಟ್ಟಣ್ಣನ ದೋಣಿಯ ಪಕ್ಕ ಅಗೆಯತೊಡಗಿದಳು. ಜಟ್ಟಣ್ಣ ಅಲ್ಲಿರಲಿಲ್ಲ. ಅವನು ದೋಣಿಯ ಹುಟ್ಟನ್ನೇ ಹಿಡಿದು ಸೂರಕ್ಕನ ಗದ್ದೆಯ ಎದುರಿನ ದಿಬ್ಬ ಅಗೆಯಲು ಹೋಗಿದ್ದ.

ನಡುವೆ ಕುಳಿತಿದ್ದ ಅವಳಿಗೆ ಎರಡು ಕಡೆಯಿಂದಲೂ ಕೂಗು ಕೇಳಿಸಿತು.

“ಹ್ವಾಯ್ ತಂಗಿ, ಇಲ್ಲಿ ಬಾ! ಇದೇ ದಾರಿ!”

“ಅಲ್ಲಿಗಲ್ಲ, ಇಲ್ಲಿಗೆ! ಅವಳ ಮಾತು ಕೇಳಬೇಡ!”

ನಿನ್ನೆಯವರೆಗೆ ಇಲ್ಲಲ್ಲ ಎಂದ ಜನ ಇವತ್ತು ಇಲ್ಲೇ ಎನ್ನುತ್ತಿದ್ದರು. ಅದೂ ಎರಡು ಕಡೆ. ಅವಳು ಬಡಗಕ್ಕೆ ಇಣುಕಿದಳು. ಮರಳು ಕುಸಿದು ಜಟ್ಟಣ್ಣನ ಕಾಲುವೆ ಮುಚ್ಚಿತು. ತೆಂಕಕ್ಕೆ ಇಣುಕಿದಳು, ಸೂರಕ್ಕನದೂ ಮುಚ್ಚಿತು. ನಡುವೆ ನಿಂತು ದಿಬ್ಬಕ್ಕೆ ಒರಗಿದಳು, ದಣಿವಿಗೆ. ಆ ಜಾಗವನ್ನು ಯಾರೂ ತೋರಿಸಿರಲಿಲ್ಲ.

ಒರಗಿದ ಜಾಗದಲ್ಲೂ ಏಡಿಗಳ ಮನೆಗಳಿದ್ದವು. ಒಂದು ತೂತಲ್ಲಿ ಒಂದು ಹನಿ ಹೋಯಿತು, ಹತ್ತು ತೂತಲ್ಲಿ ಹತ್ತು ಧಾರೆ ಹೋಯಿತು. ಏಡಿಗಳು ಬಯ್ಯುತ್ತ ಅಡ್ಡಡ್ಡ ಓಡಿದವು. ದಿಬ್ಬದ ಹೊಟ್ಟೆ ಒಡೆಯಿತು.

ಎದುರಿಗೆ ಕಡಲು.

ಕಡಲಜ್ಜ ಒಂದು ತೆರೆ ಎತ್ತಿ ಬಾಗಿಲಿಗೆ ಅಡ್ಡ ನಿಲ್ಲಿಸಿದ. “ಯಾರದು?”

“ನಾನು.”

“ನಾನು ಎಂದರೆ? ಯಾವ ಘಟ್ಟ?”

“ಘಟ್ಟ ಇಲ್ಲ, ಅಜ್ಜ.”

“ಹೆಸರು?”

“ಗೊತ್ತಿಲ್ಲ.”

“ಘಟ್ಟವಿಲ್ಲ, ಹೆಸರಿಲ್ಲ. ಹೊಳೆಯೋ, ತೋಡೋ? ತೋಡಾದರೆ ಹಿಂದೆ ಹೋಗು.”

ಇಷ್ಟು ದೂರ ಬಂದದ್ದು ಇದೊಂದು ಮಾತಿಗೆ. ಈಗ ಅದನ್ನೇ ಅವಳನ್ನು ಕೇಳುತ್ತಿದ್ದಾನೆ. ಮುಟ್ಟಿದರೆ ಹೊಳೆ ಎಂದಿದ್ದರು. ಹೊಳೆಯಾದರೆ ಮಾತ್ರ ಮುಟ್ಟಬೇಕು ಎಂದು ಯಾರೂ ಹೇಳಿರಲಿಲ್ಲ. ತೆರೆ ಮರಳನ್ನು ನೂಕುತ್ತ ಒಳಗೆ ಬಂತು.

ಹಿಂದೆ, ದಿಬ್ಬದ ಮೇಲೆ, ಸದ್ದು ಕೇಳಿ ಎರಡು ಕಡೆಯಿಂದ ಓಡಿ ಬಂದ ಸೂರಕ್ಕ, ಜಟ್ಟಣ್ಣ ಒಡೆದ ಬಾಗಿಲಿನ ಆಚೀಚೆ ನಿಂತಿದ್ದರು. ಒಡೆದ ನೀರು ಸೆಳೆದ ರಭಸಕ್ಕೆ ಜಟ್ಟಣ್ಣನ ಕಾಲ ಕೆಳಗಿನ ಮರಳು ಜಾರುತ್ತಿತ್ತು. ಅವನಿಗೆ ಅದು ಕಂಡಿರಲಿಲ್ಲ. ಸೂರಕ್ಕ ಗಂಟಲು ಹರಿಯುವ ಹಾಗೆ ಕಿರುಚಿದಳು.

“ಜಟ್ಟಣ್ಣಾ, ಹಿಂದೆ ಸರಿ! ಹೊಳೆ ಬಂತು! ಹೊಳೆ ಬಂತೋ!”

ಜಟ್ಟಣ್ಣ ಹಾರಿ ಹಿಂದೆ ಬಿದ್ದ. ಹುಟ್ಟು ಹೋಯಿತು, ಅವನು ಉಳಿದ.

ಕಡಲಜ್ಜನಿಗೂ ಅದು ಕೇಳಿಸಿತು. “ಹೊಳೆಯಂತೆ,” ಎಂದು ತೆರೆಯನ್ನು ಪಕ್ಕಕ್ಕೆ ಸರಿಸಿದ. ಯಾರು ಕೂಗಿದರು, ಯಾಕೆ ಕೂಗಿದರು ಎಂದು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಇವತ್ತಿಗೂ ತೀರ್ಮಾನವಾಗುತ್ತಿರಲಿಲ್ಲ.

ಅವಳು ಕಡಲು ಮುಟ್ಟಿದಳು. ಕೆಂಪು ನೀರು ಹಸಿರು ನೀರಿನೊಳಗೆ ದೂರದವರೆಗೆ ಹೋಯಿತು. ಸೂರಕ್ಕನ ಎರಡು ಗದ್ದೆ ಉಳಿಯಿತು. ಕೆಳಗಿನ ಒಂದಕ್ಕೆ ಕಡಲು ಉಬ್ಬುವ ಭರತದ ಹೊತ್ತಿಗೆ ಉಪ್ಪು ನುಗ್ಗಿತು.

ಸ್ವಾತಿ ಮಳೆ ಹೆಸರಿಗೆ ನಾಲ್ಕು ಹನಿ ಹಾಕಿತು. ಗಾಳಿ ಹೊರಟುಹೋದ. ಮುರಕಲ್ಲಿನ ಗುಡ್ಡದಲ್ಲಿ ನೀರು ಮುಗಿಯಿತು. ಅವಳು ತೆಳ್ಳಗಾಗುತ್ತ ಬಂದಳು.

“ನಿನ್ನ ನೀರೆಲ್ಲಿ?” ಎಂದು ಕೇಳಿದ ಕಡಲಜ್ಜ.

“ಮುಗಿಯಿತು, ಅಜ್ಜ.”

ನೀರು ಮುಗಿಯುವ ಹೊಳೆಯನ್ನು ಅವನು ಕಂಡಿರಲಿಲ್ಲ. ತಲೆ ಕೆರೆದುಕೊಂಡ. ಏನು ಮಾಡಬೇಕೆಂದು ತೋಚದೆ, ದಿನಕ್ಕಿಷ್ಟು ಮರಳು ತಂದು ಬಾಗಿಲು ಮುಚ್ಚಿದ. “ಮಳೆ ಬರಲಿ, ನೋಡೋಣ.”

ದಿಬ್ಬದ ಈಚೆ ಉಳಿದ ನೀರನ್ನು ಸೂರಕ್ಕ ದಿನಾ ದಾಟಿ ಹೋಗುತ್ತಿದ್ದಳು. ಒಂದು ದಿನ ಆಚೆ ದಡದ ಯಾರಿಗೋ ಕೂಗಿ ಹೇಳಿದಳು. “ತೋಡು ದಾಟಿ ಬರುತ್ತೇನೆ, ನಿಲ್ಲು!”

ಅವಳಿಗೆ ಚುಚ್ಚಿದ ಹಾಗಾಯಿತು. “ಅಕ್ಕ, ನೀನೇ ಅಲ್ಲವಾ ನನ್ನನ್ನು ಹೊಳೆ ಎಂದದ್ದು?”

“ಎಂದೆ. ಆಗ ಸೊಂಟದವರೆಗೆ ಬಂದಿದ್ದೆ. ಈಗ ನನ್ನ ಕಾಲುಗಂಟು ಒದ್ದೆಯಾಗುವುದಿಲ್ಲ. ನಾನೆಂತ ಹೇಳಲಿ, ನೀನೇ ಹೇಳು.”

“ಹಾಗಾದರೆ ನಾನು ಯಾವುದು?”

ಸೂರಕ್ಕ ಪ್ರಾಮಾಣಿಕವಾಗಿ ಯೋಚಿಸಿದಳು. “ಮಳೆ ಬರಲಿ ಮಾರಾಯ್ತಿ,” ಎಂದಳು.

ಮಳೆ ಬಂತು. ಹೊಳೆ ಬಂದಳು. ಸೂರಕ್ಕ ಬದುವಿಗೆ ಓಡಿ ಬಂದು, ಬೆಲ್ಲ, ನೀರು ಇಟ್ಟು, “ಇಲ್ಲಲ್ಲ ತಂಗಿ, ಸ್ವಲ್ಪ ಮುಂದೆ,” ಎಂದಳು. ಹಿಂದಿನ ವರ್ಷದ ಬಾಗಿಲು ಎಲ್ಲಿತ್ತೆಂದು ಯಾರಿಗೂ ನೆನಪಿರಲಿಲ್ಲ. ಏಡಿಗಳು ಬೇರೆ ಕಡೆ ಮನೆ ಮಾಡಿದ್ದವು.

ಅಂದಿನಿಂದ ಇಂದಿನವರೆಗೆ ಅದೇ ನಡೆದು ಬಂದಿದೆ: ಕರಾವಳಿಯ ಆ ಚಿಕ್ಕ ಹೊಳೆ ಕಡಲು ಕೇಳಿಸುವಷ್ಟು ಹತ್ತಿರ ಬಂದು, ಸಟ್ಟನೆ ತೆಂಕಕ್ಕೆ ತಿರುಗಿ, ದಿಬ್ಬದ ಪಕ್ಕದಲ್ಲೇ ಅರ್ಧ ಗಾವುದ ನಡೆಯುತ್ತದೆ, ಬೇಸಿಗೆಯಲ್ಲಿ ಮರಳಿನ ಹಿಂದೆ ಮುಚ್ಚಿಕೊಂಡು ನಿಲ್ಲುತ್ತದೆ, ನೀನು ಈ ಮಳೆಗಾಲದಲ್ಲಿ ಅದರ ಬಾಯಿ ಕಂಡ ಜಾಗಕ್ಕೆ ಮುಂದಿನ ಮಳೆಗಾಲ ಹೋದರೆ, ಅಲ್ಲಿ ಬರೀ ಮರಳಿರುತ್ತದೆ, ಸ್ವಲ್ಪ ಮುಂದೆ ಹೋಗಿ ನೋಡಬೇಕಾಗುತ್ತದೆ.