ರೇಡಿಯೋ ಜೋರು ಮಾಡಿದ ಮನೆ

ಕಲ್ಲುಬಾವಿಪಾಳ್ಯದ ಚರ್ಚಿನ ಹಿಂದುಗಡೆ ಒಂದು ರೂಮು. ಒಂದು ಮಂಚ, ಒಂದು ಮೇಜು, ತಲೆ ಮೇಲೆ ಬಿಸಿಲಿಗೆ ಚಟಚಟ ಅನ್ನೋ ಶೀಟು. ಚರ್ಚಿನ ಗುರುಗಳು ಪೂಜ್ಯ ಚೌರಪ್ಪ ಸ್ವಾಮಿಗಳು ಹತ್ತೊಂಬತ್ತು ವರ್ಷ ಇದ್ದಿದ್ದು ಅಲ್ಲೇ. ಊರವರು ಅವರನ್ನ ಸಂತರು ಅಂತಾರೆ. ಸಂತರ ಪಟ್ಟ ಕೊಡೋ ರೋಮಿಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟೆ.

ಸ್ವಾಮಿಗಳು ಚರ್ಚಿನ ತಿಂಗಳ ಪತ್ರಿಕೆಗೆ ಒಂದು ಪುಟ ಬರೀತಿದ್ರು, ಯಾರ್ಯಾರದೋ ಹಳೇ ಲಗ್ನಪತ್ರಿಕೆಗಳ ಹಿಂದುಗಡೆ. ಆ ಪುಟದಲ್ಲಿ ದೇವದೂತರು ಕಮ್ಮಿ. ನಲ್ಲಿ ಹತ್ರದ ಜಗಳ, ಹೊತ್ತಿದ ಸಾರು, ಮುನಿಸ್ಕೊಂಡ ಗಂಡ, ಇವೇ ಜಾಸ್ತಿ. ಬೈಬಲ್ ಮೇಲೆ ಧೂಳು ಕೂರಿಸಿದವರೂ ಅದನ್ನ ಬಿಡದೆ ಓದ್ತಿದ್ರು.

ಒಂದು ವರ್ಷ ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ಬೆಳಿಗ್ಗೆ ಜಪಮೇರಿ ಅದೇ ಪತ್ರಿಕೆನ ಸುರುಳಿ ಸುತ್ತಿ, ನೊಣ ಹೊಡೆಯೋಕೆ ಹೊರಟವಳ ಥರ ರೂಮಿಗೆ ನುಗ್ಗಿದಳು.

"ಸ್ವಾಮಿಗಳು ಇನ್ನೂ ಕಾಫಿ ಕುಡಿದಿಲ್ಲ ಕಣಮ್ಮ. ಜಗಳ ಆಮೇಲೆ ಆಡು," ಅಂದ್ಲು ಅಡುಗೆ ತೆರೇಜಮ್ಮ.

"ನೀನು ಹೋಗಿ ಕಾಫಿ ಕಾಯಿಸು. ಇಲ್ಲಿ ನನ್ನ ಸಂಸಾರ ಕುದೀತಿದೆ."

ತೆರೇಜಮ್ಮ ಹೋದಮೇಲೆ ಜಪಮೇರಿ ಪತ್ರಿಕೆ ಬಿಚ್ಚಿ ಮೇಜಿನ ಮೇಲೆ ಬಡಿದಳು. ಆ ತಿಂಗಳ ಪುಟದಲ್ಲಿ ಇದ್ದಿದ್ದು ಇಷ್ಟು: ಒಂದು ಮನೇಲಿ ಹಾಸಿಗೆ ಹಿಡಿದ ಮುದುಕಿ ಒಂದು ಮಧ್ಯಾಹ್ನ ಒಂದೇ ಸಮನೆ ಕರೀತಿದ್ಲು. ಪಕ್ಕದ ರೂಮಲ್ಲಿದ್ದವರು ರೋಸಿಹೋಗಿ ರೇಡಿಯೋ ಜೋರು ಮಾಡಿದ್ರು, ಕ್ರಿಕೆಟ್ ಕಾಮೆಂಟ್ರಿ. ಪಂದ್ಯ ಮುಗಿದು ಎದ್ದು ನೋಡಿದ್ರೆ ಮುದುಕಿನೂ ಮುಗಿದಿದ್ಲು.

"ಟೀವಿ ತೆಗೆದು ರೇಡಿಯೋ ಇಟ್ರೆ, ಸೀರಿಯಲ್ ತೆಗೆದು ಕ್ರಿಕೆಟ್ ಇಟ್ರೆ ನಂಗೆ ಗೊತ್ತಾಗಲ್ವಾ ಸ್ವಾಮಿ? ಕ್ರಿಸ್ಮಸ್ ಮುಂಚೆ ಪಾಪನಿವೇದನೆಗೆ ಬಂದು ನಿಮ್ಮ ಕಿವೀಲಿ ಹೇಳಿದ್ದು ನಾನು. ನಮ್ಮತ್ತೆ ಕರೆದಾಗ ವಾಲ್ಯೂಮ್ ಜಾಸ್ತಿ ಮಾಡಿದ್ದು, ಜಾಹೀರಾತು ಬಂದಾಗ ಹೋಗಿ ನೋಡಿದ್ದು. ನನ್ನ ಗಂಡಂಗೂ ಹೇಳಿರಲಿಲ್ಲ. ಅದನ್ನ ನೀವು ಅಚ್ಚು ಹಾಕ್ಸಿದ್ರಲ್ಲ!"

ಅವಳ ಗಂಡ ವೆಲ್ಡಿಂಗ್ ಶಾಪಿನ ಇನ್ನಾಸಪ್ಪ. ಹಾರ ಹಾಕಿದ ಅಮ್ಮನ ಫೋಟೋಗೆ ದಿನಾ ವರದಿ ಒಪ್ಪಿಸಿ ಅಂಗಡಿಗೆ ಹೋಗೋ ಮನುಷ್ಯ. ಹಿಂದಿನ ದಿನ ಊಟಕ್ಕೆ ಕೂತು ಆ ಪುಟ ಗಟ್ಟಿಯಾಗಿ ಓದಿದ್ದ. "ಇಂಥವ್ರೂ ಇರ್ತಾರೇನೇ ಮೇರಿ? ಇವ್ರಿಗೆ ಅನ್ನ ಹೆಂಗೆ ಗಂಟಲಲ್ಲಿ ಇಳೀತದೆ?" ಅಂದಿದ್ದ. ಅವಳ ತುತ್ತು ಅಲ್ಲೇ ನಿಂತಿತ್ತು. ಯಾರೋ ಒಬ್ಬರು "ಅದು ನಿಮ್ಮನೆ ಕಥೆ" ಅಂದ್ಬಿಟ್ರೆ ಅವಳ ಸಂಸಾರ ಮುಗೀತು.

ಸ್ವಾಮಿಗಳ ಮುಖ ಸುಣ್ಣದ ಗೋಡೆ ಆಯ್ತು. ಪತ್ರಿಕೆನ ಮೆಲ್ಲಗೆ ಮಡಿಸಿಟ್ರು. ಹೇಳೋದಾದರೂ ಏನು? ಪಾಪನಿವೇದನೆಯಲ್ಲಿ ಕೇಳಿದ್ದನ್ನ ಗುರುಗಳು ಹೌದು ಅನ್ನೋ ಹಾಗಿಲ್ಲ, ಅಲ್ಲ ಅನ್ನೋ ಹಾಗೂ ಇಲ್ಲ.

"ಬಿಷಪ್ಪರಿಗೆ ಬರೀತೀನಿ!"

"ಬರಿ ತಾಯಿ," ಅಂದ್ರು ಸ್ವಾಮಿಗಳು. ಅಷ್ಟೇ.

ಕಳ್ಳರೂ ಎರಡು ಮಾತು ಜಾಸ್ತಿ ಆಡ್ತಾರೆ ಅನ್ಕೊಂಡು ಜಪಮೇರಿ ಬಾಗಿಲು ಬಡಿದು ಹೋದಳು.

ಸಾಯಂಕಾಲ ಪಾದ ತೊಳೆಯೋ ಪೂಜೆ. ಯೇಸುಸ್ವಾಮಿ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ ಗುರುಗಳು ಊರಿನ ಹನ್ನೆರಡು ಜನರ ಕಾಲು ತೊಳೀತಾರೆ. ಆ ಹನ್ನೆರಡು ಜನ ಮಾತ್ರ ಮನೇಲೇ ಕಾಲುಜ್ಜೋ ಕಲ್ಲು ಹಾಕಿ, ಸೋಪು ಹಾಕಿ, ಚರ್ಮ ಕಿತ್ತು ಬರೋ ಹಾಗೆ ಉಜ್ಜಿಕೊಂಡೇ ಬರೋದು. ದೇವರ ಮುಂದೆ ಕೊಳೆ ತೋರಿಸೋಕೆ ನಾಚಿಕೆ. ಇನ್ನಾಸಪ್ಪನೂ ಅರ್ಧ ಗಂಟೆ ಉಜ್ಜಿ, ಪೌಡರ್ ಬೇರೆ ಹಾಕಿ, ಬೆಂಚಿನ ಮೊದಲನೇ ಜಾಗದಲ್ಲಿ ಕೂತಿದ್ದ.

ಸ್ವಾಮಿಗಳು ಸೊಂಟಕ್ಕೆ ಟವೆಲ್ ಸುತ್ಕೊಂಡು ಬೋಗುಣಿ ಹಿಡ್ಕೊಂಡು ಬಂದ್ರು. ಇನ್ನಾಸಪ್ಪನ ಮುಂದೆ ಮೊಣಕಾಲೂರಿದ್ರು. ಹೆಂಗಸರ ಸಾಲಲ್ಲಿ ಕೂತಿದ್ದ ಜಪಮೇರಿ ಹಲ್ಲು ಕಚ್ಚಿದಳು. ನಾಟಕ, ಅನ್ಕೊಂಡಳು.

ನೀರು ಹಾಕಲಿಲ್ಲ ಸ್ವಾಮಿಗಳು. ಮೊಣಕಾಲಲ್ಲೇ ಜನರ ಕಡೆ ತಿರುಗಿದ್ರು.

"ಈ ತಿಂಗಳ ಪುಟದಲ್ಲಿ ರೇಡಿಯೋ ಜೋರು ಮಾಡಿದವನು ನಾನು. ಕರೀತಿದ್ದವಳು ನನ್ನ ಹೆತ್ತಮ್ಮ. ನಾನಾಗ ಗುರುವಾಗೋಕೆ ಗುರುಮಠಕ್ಕೆ ಇನ್ನೂ ಸೇರಿರಲಿಲ್ಲ. ಯಾರದೋ ಮನೆ ಅಂತ ಬರೆದು ಬಚ್ಚಿಟ್ಕೊಂಡೆ. ನನ್ನ ಹೆಸರು ಹಾಕೋ ಧೈರ್ಯ ಇದ್ದಿದ್ರೆ ಇನ್ಯಾರೂ ಆ ಹೊರೆ ಹೊರಬೇಕಿರಲಿಲ್ಲ. ಕ್ಷಮಿಸಿ."

ಹಾರ್ಮೋನಿಯಂ ಮೇಲಿದ್ದ ಕೈ ಜಾರಿ ಒಂದು ಅಪಸ್ವರ ಹೊರಡ್ತು. "ಅಯ್ಯೋ ಯೇಸುವೇ," ಅಂತ ತೆರೇಜಮ್ಮ ನೆಲಕ್ಕೆ ಕೂತೇಬಿಟ್ಟಳು. ಬೆಂಚಿನ ಮೇಲಿದ್ದ ಹನ್ನೆರಡು ಜನ, ಇವರ ಕಾಲು ನಾವು ಮುಟ್ಟಬೇಕೋ, ನಮ್ಮ ಕಾಲು ಇವರು ಮುಟ್ಟಬೇಕೋ ಗೊತ್ತಾಗದೆ ಪಾದ ಬೆಂಚಿನಡಿ ಎಳ್ಕೊಂಡ್ರು.

ಜಪಮೇರಿಗೆ ಈಗ ಅರ್ಥ ಆಯ್ತು. ಅವಳ ಗುಟ್ಟು ಯಾರೂ ಬಯಲು ಮಾಡಿರಲಿಲ್ಲ. ಬೆಳಿಗ್ಗೆ ಅವಳು ಅಷ್ಟು ಬೈದಾಗ "ಅದು ನನ್ನ ಕಥೆ" ಅಂತ ಒಂದು ಮಾತು ಅಂದು ಅವಳೊಬ್ಬಳ ಬಾಯಿ ಮುಚ್ಚಿಸಬಹುದಿತ್ತು. ಅದರ ಬದಲು ಇಡೀ ಊರಿನ ಮುಂದೆ ತಮ್ಮ ಮಾನ ಬಿಚ್ಚಿಟ್ಟಿದ್ರು. ಇನ್ನು ಯಾರೂ ಅವಳ ಮನೆ ಕಡೆ ಬೆರಳು ತೋರಿಸಲ್ಲ. ಅವಳು ಗೆದ್ದಿದ್ದಳು. ಸುಮ್ಮನೆ ಕೂತಿದ್ರೆ ಸಾಕಿತ್ತು.

ಕೂರೋಕಾಗಲಿಲ್ಲ. ಕಾಲು ತಾವಾಗೇ ನಡೆದವು. ಗಂಡಸರ ಕಡೆ ದಾಟಿ, ಬೆಂಚಿನ ಹತ್ರ ಹೋಗಿ, ಸ್ವಾಮಿಗಳ ಪಕ್ಕದಲ್ಲೇ ಮೊಣಕಾಲೂರಿದಳು.

"ಏನೇ ಇದು? ಎಲ್ಲಾ ನೋಡ್ತಾವ್ರೆ, ಏಳು," ಅಂದ ಇನ್ನಾಸಪ್ಪ ಪಿಸುಮಾತಲ್ಲಿ.

"ರೀ... ಅವತ್ತು ಅತ್ತೆ ಕರೀತಿದ್ರು. ನಾನು ಟೀವಿ ಜೋರು ಮಾಡ್ದೆ."

ಇನ್ನಾಸಪ್ಪನ ಮುಖದಲ್ಲಿ ಏನೂ ಕಾಣಲಿಲ್ಲ. ಮೊದಲು ಅರ್ಥ ಆಗಲಿಲ್ಲ, ಆಮೇಲೆ ಅರ್ಥ ಆಯ್ತು. ಅವನ ಕೈ ಎದ್ದಿತು. ಹೊಡೀತಾನೆ ಅಂತ ಮುಂದಿನ ಸಾಲಿನವರು ಉಸಿರು ಹಿಡಿದ್ರು. ಸ್ವಾಮಿಗಳು ತಡೆಯೋಕೆ ಹೋಗಲಿಲ್ಲ, ತಲೆ ತಗ್ಗಿಸಿ ಅವಳ ಪಕ್ಕದಲ್ಲೇ ಉಳಿದ್ರು. ಆ ಕೈ ಹಂಗೇ ಇಳಿದು ಬೆಂಚಿನ ಅಂಚು ಹಿಡ್ಕೊಳ್ತು.

ಅವನು ಕೇಳಿದ್ದು ಒಂದೇ.

"ಅಮ್ಮ ಏನಂತ ಕರೀತಿದ್ಲು ಮೇರಿ?"

"ನಿಮ್ಮನ್ನೇ ರೀ," ಅಂದಳು ಜಪಮೇರಿ. "ಇನ್ನಾಸಿ ಬಂದ್ನಾ, ಇನ್ನಾಸಿ ಉಂಡ್ನಾ, ಅಂತ."